ಯಜಮಾನನು ತಡಮಾಡಿದ ಕಾಲ



ಕ್ರಿಸ್ತನ ಎರಡನೆಯ ಬರೋಣಕ್ಕೆ ಆತ್ಮಿಕವಾಗಿ ಸಿದ್ಧರಾಗಿರುವುದು ಎಂದರೇನು ಎಂಬ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದೀರಿ. ಇದರ ಮೇಲೆ ಪ್ರಸಂಗ ಕೇಳುತ್ತಲೇ ಬೆಳೆದವರು ಇಲ್ಲಿ ಅನೇಕರಿದ್ದೀರಿ; ಒಮ್ಮೆಯೂ ಕೇಳದವರೂ ಇದ್ದೀರಿ. ಪ್ರಸಂಗ ಮಾಡುವುದು ಸಭಾಪಾಲಕರ ಕೆಲಸ. ಸಭೆಯ ಚರಿತ್ರೆಯನ್ನು ಓದಿಕೊಂಡಿರುವ ನನ್ನಂಥವನ ಕೆಲಸ ಬೇರೆ. ತಾರೀಖನ್ನೇ ಕೈಯಲ್ಲಿ ಹಿಡಿದುಕೊಂಡು ಕಾದವರ ಕಥೆಯೊಂದನ್ನು ಹೇಳಿ, ಆ ತಾರೀಖು ಏನೂ ಆಗದೆ ಕಳೆದುಹೋದ ಮೇಲೆ ಅವರ ಸಿದ್ಧತೆ ಏನಾಯಿತು ಎಂದು ನೋಡುತ್ತೇನೆ. ಅವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ತಾರೀಖು 1836ರ ಜೂನ್ 18, ಶನಿವಾರ. ಆ ಸೀಮೆಯಿಂದ ಹೊರಟ ಕೆಲವರು ಮಂಗಳೂರು, ಧಾರವಾಡಗಳ ಚರಿತ್ರೆಗೂ ಸೇರಿದವರಾದ್ದರಿಂದ ಇದು ಪೂರ್ತಿ ಪರದೇಶದ ಕಥೆಯೇನಲ್ಲ.

ಮೊದಲು ನಂಬಿಕೆ ಏನೆಂದು ಹೇಳಿಬಿಡುತ್ತೇನೆ. ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದು, ಪರಲೋಕಕ್ಕೆ ಏರಿಹೋದ ಯೇಸು ಮತ್ತೆ ಮಹಿಮೆಯೊಡನೆ ಬರುತ್ತಾನೆ. ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುತ್ತಾನೆ. ಇದು ಯಾವುದೋ ಒಂದು ಪಂಗಡದ ಕಲ್ಪನೆಯಲ್ಲ, 4ನೆಯ ಶತಮಾನದ ನೈಸೀಯ ವಿಶ್ವಾಸಪ್ರಮಾಣದಲ್ಲೇ ಸೇರಿರುವ ಮಾತು. ಕಥೋಲಿಕರು, ಸಿರಿಯನ್ನರು, ದಕ್ಷಿಣ ಇಂಡಿಯಾ ಸಭೆಯವರು ಎಲ್ಲರೂ ಆರಾಧನೆಯಲ್ಲಿ ಇದನ್ನು ಒಪ್ಪಿ ಹೇಳುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಭಾನುವಾರಗಳು ಹುಟ್ಟಿಬಂದ ಕೂಸನ್ನು ನೆನೆಯುವುದಕ್ಕೆ ಎಷ್ಟೋ, ಬರಲಿರುವ ನ್ಯಾಯಾಧಿಪತಿಯನ್ನು ನೆನೆಯುವುದಕ್ಕೂ ಅಷ್ಟೇ. ತಕರಾರು ಇರುವುದೆಲ್ಲ ಯಾವಾಗ, ಹೇಗೆ ಎಂಬುದರಲ್ಲಿ. ಯಾವಾಗ ಎಂಬುದಕ್ಕೆ ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಯೇಸುವೇ ಉತ್ತರ ಕೊಟ್ಟಿದ್ದಾನೆ: ದೇವದೂತರಿಗೂ ತಿಳಿಯದು, ತನಗೂ ತಿಳಿಯದು, ತಂದೆಗೊಬ್ಬನಿಗೇ ತಿಳಿದದ್ದು. ಇಷ್ಟು ಗಟ್ಟಿಯಾಗಿ ಮುಚ್ಚಿದ ಬಾಗಿಲನ್ನು ಕ್ರೈಸ್ತರು ಎರಡು ಸಾವಿರ ವರ್ಷದಿಂದ ತಟ್ಟುತ್ತಲೇ ಇದ್ದಾರೆ.

ತಟ್ಟಿದವರೆಲ್ಲ ತಲೆಕೆಟ್ಟವರು ಎಂದುಕೊಳ್ಳಬೇಡಿ. ಯೊಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಅವರನ್ನೇ ನೋಡಿ. 1687ರಲ್ಲಿ ಹುಟ್ಟಿ 1752ರಲ್ಲಿ ತೀರಿಕೊಂಡ ಇವರು ಡೆಂಕೆನ್‌ಡೋರ್ಫಿನ ಮಠಶಾಲೆಯಲ್ಲಿ ದೈವಶಾಸ್ತ್ರಕ್ಕೆ ಹೋಗುವ ಹುಡುಗರಿಗೆ 28 ವರ್ಷ ಪಾಠ ಹೇಳಿದರು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳ ನಡುವಣ ಪಾಠಾಂತರಗಳು ಅವರನ್ನು ಓದುವ ಕಾಲದಿಂದಲೇ ಕಾಡಿದ್ದವು. ಅಂಜಿ ಕೂರದೆ ಒಂದೊಂದನ್ನೂ ತೂಗಿನೋಡಿ 1734ರಲ್ಲಿ ಪರಿಷ್ಕೃತ ಗ್ರೀಕ್ ಪಾಠವನ್ನು ಪ್ರಕಟಿಸಿದರು. ಎರಡು ಪಾಠಗಳಲ್ಲಿ ಸುಲಭದ್ದಕ್ಕಿಂತ ಕಷ್ಟದ್ದೇ ಮೂಲವಾಗಿರುವ ಸಂಭವ ಹೆಚ್ಚು ಎಂಬ ಅವರ ಸೂತ್ರವನ್ನು ಗ್ರಂಥಸಂಪಾದನೆ ಮಾಡುವವರು ಇಂದಿಗೂ ಕಲಿಯುತ್ತಾರೆ. 1742ರಲ್ಲಿ ಬಂದ ಅವರ ಲ್ಯಾಟಿನ್ ವ್ಯಾಖ್ಯಾನವನ್ನು ಆಧಾರವಾಗಿಟ್ಟುಕೊಂಡೇ ಇಂಗ್ಲೆಂಡಿನ ಜಾನ್ ವೆಸ್ಲಿ ತಮ್ಮ ಹೊಸ ಒಡಂಬಡಿಕೆಯ ಟಿಪ್ಪಣಿಗಳನ್ನು ಬರೆದರು.

ಇಂಥ ಎಚ್ಚರದ ವಿದ್ವಾಂಸರೇ ಬೈಬಲಿನ ಕಡೆಯ ಪುಸ್ತಕವಾದ ಪ್ರಕಟನೆಗೆ ಕೈಹಾಕಿ ಲೆಕ್ಕಕ್ಕೆ ಕುಳಿತರು. ಅದರಲ್ಲಿ ಬರುವ, ದೇವರಿಗೆ ಎದುರಾದ ಮೃಗದ ಸಂಖ್ಯೆಯಾದ 666 ವರ್ಷಗಳ ಲೆಕ್ಕ, ಮೃಗಕ್ಕೆ ಕೊಟ್ಟ 42 ತಿಂಗಳ ಅವಧಿಯೂ ಅದೇ ಎಂದು ಹಿಡಿದರು. 666ನ್ನು 42ರಿಂದ ಭಾಗಿಸಿದರೆ ಪ್ರವಾದನೆಯ ಒಂದು ತಿಂಗಳಿಗೆ ಹದಿನೈದು ವರ್ಷದ ಮೇಲೆ ಏಳರಲ್ಲಿ ಆರು ಪಾಲು ಬರುತ್ತದೆ. ಈ ಅಳತೆಗೋಲನ್ನು ಸಭೆಯ ಚರಿತ್ರೆಯ ಮೇಲೆ ಹಾಸುತ್ತ ಹೋದಾಗ ಮೃಗ ಬಿದ್ದು ಸಾವಿರ ವರ್ಷದ ರಾಜ್ಯ ಆರಂಭವಾಗುವ ದಿನ 1836ರ ಬೇಸಿಗೆಗೆ ಬಂದು ನಿಂತಿತು. ಗಮನಿಸಿ, ಬೆಂಗೆಲ್ ಅವರ ಎಣಿಕೆಯಲ್ಲಿ ಅದು ಲೋಕ ಮುಗಿಯುವ ದಿನವಲ್ಲ. ಅಲ್ಲದೆ 1836 ವಿಶೇಷವೇನೂ ಇಲ್ಲದೆ ಕಳೆದರೆ ತಮ್ಮ ಲೆಕ್ಕದ ಬುಡದಲ್ಲೇ ತಪ್ಪಿದೆ ಎಂದು ತಿಳಿದು ಅದನ್ನು ಹುಡುಕಬೇಕಾಗುತ್ತದೆ ಎಂದೂ ಅವರೇ ಬರೆದಿಟ್ಟರು. ಓದಿದ ಜನ ಷರತ್ತನ್ನು ಬಿಟ್ಟು ಇಸವಿಯನ್ನು ಮಾತ್ರ ಹಿಡಿದುಕೊಂಡರು.

ಆ ಜನ ಯಾರು? ಹೆಚ್ಚಿನವರು ದ್ರಾಕ್ಷಿ ಬೆಳೆಯುವವರು, ನೇಯುವವರು, ಹಳ್ಳಿಯ ಕಸುಬುದಾರರು. 1743ರ ರಾಜಾಜ್ಞೆಯೊಂದು ವುರ್ಟೆಂಬರ್ಗಿನಲ್ಲಿ ಮನೆಕೂಟಗಳಿಗೆ ಅನುಮತಿ ಕೊಟ್ಟಿತ್ತು. ಸಂಜೆ ಯಾರದ್ದಾದರೂ ಮನೆಯಲ್ಲಿ ಸೇರಿ ವೇದ ಓದುವುದು, ಹಾಡುವುದು, ಪ್ರಾರ್ಥಿಸುವುದು, ತಮ್ಮ ನಡತೆಯನ್ನು ತಾವೇ ವಿಚಾರಿಸಿಕೊಳ್ಳುವುದು ಅವರ ರೂಢಿ. ಬೆಂಗೆಲ್ ಅವರ ಪುಸ್ತಕಗಳು ಇಂಥ ಮನೆಗಳಲ್ಲಿ ಸವೆದವು. ನೆಪೋಲಿಯನ್ನನ ಯುದ್ಧಗಳಲ್ಲಿ ಊರಿನ ಹುಡುಗರು ಸತ್ತರು. ಸಾಲದ್ದಕ್ಕೆ 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೊರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಮಬ್ಬು ಆಕಾಶವನ್ನು ಮುಸುಕಿ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆತು ವುರ್ಟೆಂಬರ್ಗ್ ಹಸಿವಿನಿಂದ ನರಳಿತು. ಕಾರಣ ಅಲ್ಲಿ ಯಾರಿಗೂ ತಿಳಿಯದು. ಹಸಿದವನಿಗೆ ಪ್ರಕಟನೆಯ ಪುಸ್ತಕದಲ್ಲಿ ಬರಗಾಲವನ್ನು ತರುವ ಕಪ್ಪು ಕುದುರೆ ಪ್ರತಿಮೆಯಾಗಿ ಕಾಣುವುದಿಲ್ಲ, ತನ್ನೂರಿನ ಸುದ್ದಿಯಾಗಿ ಕಾಣುತ್ತದೆ.

ಆಗ ಸಿದ್ಧತೆ ಎರಡು ದಾರಿ ಹಿಡಿಯಿತು.

ಒಂದು, ಓಡಿಹೋಗುವುದು. ಕಡೆಯ ಸಂಕಟದಲ್ಲಿ ದೇವಜನಕ್ಕೆ ಆಶ್ರಯ ಪೂರ್ವದಲ್ಲಿ ಸಿಗುತ್ತದೆ ಎಂದು ಯುಂಗ್-ಸ್ಟಿಲ್ಲಿಂಗ್ ಎಂಬ ಜನಪ್ರಿಯ ಲೇಖಕರು ಬರೆದಿದ್ದರು. 1817ರಲ್ಲಿ ಸಾವಿರಾರು ಜನ ಮನೆಮಾರು ಮಾರಿ ಉಲ್ಮ್ ಊರಿನಲ್ಲಿ ದೋಣಿ ಹತ್ತಿ ಡ್ಯಾನ್ಯೂಬ್ ನದಿಯಲ್ಲಿ ಇಳಿದು ರಷ್ಯಾದ ಕಡೆಗೆ ಹೊರಟರು. ಎಷ್ಟೋ ಮಂದಿ ದಾರಿಯಲ್ಲೇ ಕಾಯಿಲೆ ಬಿದ್ದು ಸತ್ತರು. ಉಳಿದವರಲ್ಲಿ ಒಂದು ಪಾಲು ಕಾಕಸಸ್ ಪರ್ವತಗಳಾಚೆ ಇಂದಿನ ಜಾರ್ಜಿಯಾ, ಅಜರ್‌ಬೈಜಾನ್ ದೇಶಗಳಲ್ಲಿ ಊರು ಕಟ್ಟಿ ದ್ರಾಕ್ಷಿ ಬೆಳೆಯಿತು. ಅವರ ಮೊಮ್ಮಕ್ಕಳ ಮಕ್ಕಳನ್ನು 1941ರಲ್ಲಿ ಸ್ಟಾಲಿನ್ ಸರ್ಕಾರ ಮಧ್ಯ ಏಷ್ಯಾಕ್ಕೆ ಗಡಿಪಾರು ಮಾಡಿತು.

ಇನ್ನೊಂದು, ಇದ್ದಲ್ಲೇ ಒಂದು ಊರು ಕಟ್ಟುವುದು. ಲಿಯೊನ್‌ಬರ್ಗ್ ಪಟ್ಟಣದ ಮೇಯರ್ ಗಾಟ್‌ಲೀಬ್ ವಿಲ್ಹೆಲ್ಮ್ ಹಾಫ್‌ಮನ್ ಅವರು ದೊರೆಗೆ ಅರ್ಜಿ ಬರೆದುಕೊಂಡರು: ಈ ಜನಕ್ಕೆ ತಮ್ಮ ಮನಸ್ಸಾಕ್ಷಿಯಂತೆ ಬಾಳಲು ನಾಡಿನಲ್ಲೇ ಜಾಗ ಕೊಟ್ಟರೆ ಅವರು ಯಾಕೆ ಬಿಟ್ಟುಹೋಗುತ್ತಾರೆ? ದುಡಿಯುವ ಕೈಗಳು ಕೈತಪ್ಪಿ ಹೋಗುತ್ತಿರುವುದನ್ನು ಕಂಡ ದೊರೆ ಒಪ್ಪಿದ. 1819ರಲ್ಲಿ ಸ್ಟುಟ್‌ಗಾರ್ಟ್ ಬಳಿ ಕೊರ್ನ್‌ತಾಲ್ ಎಂಬ ಜಮೀನನ್ನು ಕೊಂಡು ಸಹೋದರ ಸಭೆಯೊಂದು ನೆಲೆಯಾಯಿತು. ಅದೇ ವರ್ಷ ಪ್ರಾರ್ಥನಾ ಸಭಾಂಗಣ, ಬೆನ್ನಿಗೇ ಶಾಲೆ, 1823ರಲ್ಲಿ ದಿಕ್ಕಿಲ್ಲದ ಮಕ್ಕಳಿಗೊಂದು ಮನೆ. ಇನ್ನು ಹದಿನೇಳು ವರ್ಷಕ್ಕೆ ಹಳೆಯ ಲೋಕದ ಕ್ರಮವೇ ಮಗುಚಿಬೀಳುತ್ತದೆ ಎಂದು ನಂಬಿದವರು ಶಾಲೆ ಕಟ್ಟುತ್ತಾರೆಯೇ ಎಂದು ನೀವು ಕೇಳಬಹುದು. ಕಟ್ಟಿದರು. ನನಗೆ ಈ ಕಥೆಯಲ್ಲಿ ಬೆರಗು ಹುಟ್ಟಿಸುವ ಜಾಗ ಇದು.

1836ರ ಜೂನ್ 18 ಬಂತು, ಹೋಯಿತು. ಹಾಫ್‌ಮನ್ ಅವರು ಆ ಬಳಿಕ ಹತ್ತು ವರ್ಷ ಬದುಕಿ 1846ರಲ್ಲಿ ತೀರಿಕೊಂಡರು. ಕೊರ್ನ್‌ತಾಲ್ ಒಡೆದು ಚೂರಾಗಲಿಲ್ಲ. ಇದನ್ನು ಅಮೆರಿಕದ ಇನ್ನೊಂದು ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ನ್ಯೂಯಾರ್ಕ್ ಸಂಸ್ಥಾನದ ವಿಲಿಯಮ್ ಮಿಲ್ಲರ್ ಎಂಬ ರೈತರ ಬೋಧನೆಯಿಂದ ಎದ್ದ ಚಳವಳಿ ಕಡೆಗೆ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿಕೊಂಡಿತು. ಹೊಲದ ಆಲೂಗಡ್ಡೆಯನ್ನು ಅಗೆಯದೆ ಬಿಟ್ಟವರಿದ್ದರು. ಬೆಳಗಾದಾಗ ಅತ್ತರು, ಸಭೆಗಳು ಒಡೆದವು, ಚರಿತ್ರೆಯಲ್ಲಿ ಆ ದಿನಕ್ಕೆ ಮಹಾ ನಿರಾಶೆ ಎಂದೇ ಹೆಸರು ಉಳಿಯಿತು. ಆ ಬೂದಿಯಿಂದಲೇ ಎದ್ದು 1863ರಲ್ಲಿ ಸಂಘಟಿತವಾದ ಏಳನೆಯ ದಿನದ ಅಡ್ವೆಂಟಿಸ್ಟ್ ಸಭೆ ಆಸ್ಪತ್ರೆ, ಶಾಲೆಗಳಿಗೆ ಹೆಸರಾದದ್ದು ಮುಂದಿನ ಕಥೆ. ಎರಡು ಕಡೆಯೂ ಲೆಕ್ಕ ತಪ್ಪಿತು. ಕೊರ್ನ್‌ತಾಲಿನವರಿಗೆ ಮರುದಿನ ಭಾನುವಾರದ ಆರಾಧನೆಯಿತ್ತು, ಅದರ ಮರುದಿನ ಮಕ್ಕಳಿಗೆ ಪಾಠವಿತ್ತು. ಅವರ ಸಿದ್ಧತೆ ತಾರೀಖನ್ನು ಮಾತ್ರ ನೆಚ್ಚಿ ನಿಂತಿರಲಿಲ್ಲ.

ಈಗ ಮೂಲ ಪಾಠಕ್ಕೆ ಬರೋಣ. ಸಿದ್ಧರಾಗಿರಿ ಎಂದು ಹೇಳಿದ ಮೇಲೆ ಯೇಸು ಮತ್ತಾಯನ 24, 25ನೆಯ ಅಧ್ಯಾಯಗಳಲ್ಲಿ ಸಾಲಾಗಿ ಸಾಮ್ಯಗಳನ್ನು ಹೇಳುತ್ತಾನೆ. ಪ್ರಸಂಗಗಳಲ್ಲಿ ಇವು ತಟ್ಟನೆ ಬರುವವನ ಕಥೆಗಳಾಗಿ ಕೇಳಿಸುತ್ತವೆ. ಬಿಡಿಸಿ ಓದಿದರೆ ಮೊದಲ ಮೂರೂ ತಡವಾಗಿ ಬರುವವನ ಕಥೆಗಳು. ಮನೆಯವರ ಊಟ ನೋಡಿಕೊಳ್ಳಲು ನೇಮಕವಾದ ಸೇವಕ ಯಜಮಾನ ತಡಮಾಡುತ್ತಾನೆ ಎಂದುಕೊಂಡು ಜೊತೆಯವರನ್ನು ಹೊಡೆಯುತ್ತಾನೆ, ಕುಡುಕರ ಜೊತೆ ಕೂರುತ್ತಾನೆ. ಹತ್ತು ಕನ್ಯೆಯರು ದೀಪ ಹಿಡಿದು ಎದುರುಗೊಳ್ಳಲು ಹೊರಟ ಮದಲಿಂಗನೂ ತಡಮಾಡುತ್ತಾನೆ. ತಲಾಂತುಗಳನ್ನು ಕೊಟ್ಟುಹೋದ ಧಣಿ ಬಹುಕಾಲದ ಮೇಲೆ ಹಿಂದಿರುಗುತ್ತಾನೆ. ಬೇಗ ಬಂದುಬಿಟ್ಟಿದ್ದರೆ ಆ ಕೆಟ್ಟ ಸೇವಕ ಒಳ್ಳೆಯವನಾಗಿಯೇ ಸಿಕ್ಕುತ್ತಿದ್ದ, ಬುದ್ಧಿಯಿಲ್ಲದ ಕನ್ಯೆಯರ ದೀಪಗಳೂ ಉರಿಯುತ್ತಿದ್ದವು. ಸಿದ್ಧತೆಯ ಪರೀಕ್ಷೆ ನಡೆಯುವುದು ಬಂದ ಗಳಿಗೆಯಲ್ಲಲ್ಲ, ಬಾರದ ಕಾಲದಲ್ಲಿ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಆಧಾರ.

ಹತ್ತು ಕನ್ಯೆಯರ ಕಥೆಯಲ್ಲಿ ಸಾಮಾನ್ಯವಾಗಿ ದಾಟಿಹೋಗುವ ಒಂದು ಸಂಗತಿಯಿದೆ: ಹತ್ತು ಮಂದಿಯೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು, ಅದಕ್ಕಾಗಿ ಅವರನ್ನು ಯಾರೂ ಬೈಯಲಿಲ್ಲ. ರೆಪ್ಪೆ ಮುಚ್ಚದೆ ಆಕಾಶ ನೋಡುತ್ತ ಕೂರುವುದು ಸಿದ್ಧತೆಯಲ್ಲ ಎಂದಾಯಿತು. ಮಲಗಿ ಎದ್ದಾಗಲೂ ಪಾತ್ರೆಯಲ್ಲಿ ಎಣ್ಣೆ ಇರಬೇಕು, ಆ ಎಣ್ಣೆಯನ್ನು ಕಡ ಕೊಡಲು ಬರುವುದಿಲ್ಲ. ಎಣ್ಣೆ ಯಾವುದು? ಪ್ರಾಚೀನ ಸಭೆಯ ಬೋಧಕರಲ್ಲಿ ಕ್ರಿಸೊಸ್ಟೊಮ್ ಬಡವರಿಗೆ ಮಾಡುವ ದಾನ ಎಂದರು; ಅಗಸ್ಟೀನ್ ಪ್ರೀತಿ ಎಂದರು; ಬಹುಕಾಲದ ಮೇಲೆ ಸುಧಾರಕ ಲೂಥರ್ ನಂಬಿಕೆ ಎಂದರು. ಮೂವರಲ್ಲಿ ನನಗೆ ಕ್ರಿಸೊಸ್ಟೊಮ್ ಹತ್ತಿರ. ಅದೇ ಅಧ್ಯಾಯ ಎಲ್ಲಿ ಹೋಗಿ ಮುಗಿಯುತ್ತದೆ ಎಂಬುದನ್ನು ನೋಡಿ ಅವರು ಹೇಳಿದಂತಿದೆ.

ಲೂಥರ್ ಹೆಸರು ಬಂದದ್ದಕ್ಕೆ ಒಂದು ಮಾತು. ನಾಳೆ ಲೋಕ ಮುಗಿಯುವುದಾದರೂ ಇಂದು ಸೇಬಿನ ಗಿಡ ನೆಡುವ ಮಾತೊಂದನ್ನು ಅವರ ಹೆಸರಿನಲ್ಲಿ ವೇದಿಕೆಗಳಲ್ಲೂ ಮೊಬೈಲುಗಳಲ್ಲೂ ಧಾರಾಳವಾಗಿ ಹಂಚುತ್ತಾರೆ. ಲೂಥರ್ ಬರಹಗಳಲ್ಲಿ ಅದು ಇಲ್ಲ. ಬರಹದಲ್ಲಿ ಮೊದಲು ಸಿಗುವುದು 1944ರಲ್ಲಿ, ಜರ್ಮನಿ ಸುಟ್ಟು ಬೀಳುತ್ತಿದ್ದ ದಿನಗಳಲ್ಲಿ. ಅಂಥ ಕಾಲಕ್ಕೆ ಬೇಕಾದ ಮಾತನ್ನು ಯಾರೋ ಹಿರಿಯರ ಬಾಯಲ್ಲಿ ಇಟ್ಟಿರಬೇಕು.

ಯಾಕೋಬನ ಪತ್ರಿಕೆ ಕರ್ತನ ಬರೋಣವನ್ನು ಕಾಯುವವರಿಗೆ ಮಳೆ ಕಾಯುವ ರೈತನನ್ನು ತೋರಿಸುತ್ತದೆ. ಇದು ನಮ್ಮ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಮೃಗಶಿರಾ ಮಳೆ ಯಾವತ್ತು ಹಿಡಿಯುತ್ತದೆ ಎಂದು ಪಂಚಾಂಗ ತಿರುವುತ್ತ ಕಟ್ಟೆಯ ಮೇಲೆ ಕೂತವನನ್ನು ಮಳೆ ಕಾಯುತ್ತಿದ್ದಾನೆ ಎಂದು ಯಾರೂ ಹೇಳುವುದಿಲ್ಲ. ಮಾಗಿ ಉಳುಮೆ ಮಾಡಿ, ಗೊಬ್ಬರ ಹೊಡೆದು, ಬೀಜ ಕಟ್ಟಿಟ್ಟವನು ಕಾಯುತ್ತಿರುವವನು.

ಬರೋಣ ತಡವಾದಾಗಿನ ಈ ತೊಡಕು ಅಪೊಸ್ತಲನಾದ ಪೌಲನಿಗೂ ಎದುರಾಗಿತ್ತು. ಸುಮಾರು ಕ್ರಿ.ಶ. 50ರಲ್ಲಿ ಥೆಸಲೋನಿಕದ ಎಳೆಯ ಸಭೆಗೆ ಬರೆದಾಗ ಅಲ್ಲಿ ಒಂದು ದುಃಖ ಹಬ್ಬಿತ್ತು: ಕರ್ತನು ಬರುವ ಮುಂಚೆಯೇ ನಮ್ಮವರು ಸತ್ತುಹೋದರಲ್ಲ, ಅವರಿಗೆ ಪಾಲಿಲ್ಲವೇ? ಸತ್ತವರೇ ಮೊದಲು ಏಳುತ್ತಾರೆ ಎಂದು ಪೌಲ ಸಂತೈಸಿದ. ಆ ಊರಿಗೆ ಹೋದ ಎರಡನೆಯ ಪತ್ರಿಕೆಯಲ್ಲಿ ದನಿ ಗಡುಸಾಗಿದೆ. ದುಡಿಮೆ ಬಿಟ್ಟು ಊರಲ್ಲಿ ಅಲೆದಾಡುವವರಿಗೆ ಊಟವೂ ಬೇಡ ಎನ್ನುವಷ್ಟು ಗಡುಸು. ಈ ಎರಡನೆಯದು ಪೌಲನದೇ ಹೌದೇ ಎಂದು ಪಂಡಿತರು ಇನ್ನೂ ಚರ್ಚಿಸುತ್ತಾರೆ. ಯಾರು ಬರೆದಿದ್ದರೂ, ಗುಡಾರ ಹೊಲಿದು ಹೊಟ್ಟೆ ಹೊರೆದವನ ಹೆಸರಿನಲ್ಲಿ ಆ ಮಾತು ಹೋದದ್ದು ಸರಿಯಾಗಿಯೇ ಇದೆ.

ಹಾಗಾದರೆ ಆತ್ಮಿಕ ಸಿದ್ಧತೆ ಎಂದರೆ ಬರೀ ದುಡಿಮೆಯೇ? ಅಲ್ಲ. ದುಡಿಮೆಯಷ್ಟೇ ಆಗಿದ್ದರೆ ಇರುವೆಗಳು ನಮಗಿಂತ ಸಿದ್ಧ. ಅದರ ಒಳಮೈ ಪ್ರಾರ್ಥನೆ, ಪಶ್ಚಾತ್ತಾಪ, ನೆರೆಯವನೊಡನೆ ರಾಜಿ. ರೊಟ್ಟಿ ಮುರಿದು ಪಾತ್ರೆ ಹಂಚಿಕೊಳ್ಳುವ ಪ್ರತಿಯೊಂದು ಕರ್ತನ ಭೋಜನವೂ ಆತನು ಬರುವ ತನಕ ಮಾತ್ರ ನಡೆಯುವ ಊಟ ಎಂದು ಪೌಲ ಕೊರಿಂಥದವರಿಗೆ ನೆನಪು ಮಾಡಿದ್ದ. ಆ ಮೇಜಿಗೆ ಬರುವ ಮುಂಚೆ ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದೂ ಹೇಳಿದ್ದ. ವುರ್ಟೆಂಬರ್ಗಿನ ಮನೆಕೂಟಗಳು ಮಾಡುತ್ತಿದ್ದುದು ಹೆಚ್ಚುಕಡಿಮೆ ಅದನ್ನೇ. ಇಂದು ಅಂತ್ಯಕಾಲದ ಗುರುತುಗಳೆಂದು ಭೂಕಂಪ, ಯುದ್ಧ, ಬಾರ್‌ಕೋಡ್‌ಗಳ ಪಟ್ಟಿ ಹಿಡಿದು ಬೆದರಿಸುವ ಬೋಧನೆ ನಮ್ಮ ಊರುಗಳಲ್ಲೂ ಬೇಕಾದಷ್ಟಿದೆ. ಹೆದರಿದ ಮನಸ್ಸು ತನ್ನನ್ನು ಪರೀಕ್ಷಿಸಿಕೊಳ್ಳುವುದಿಲ್ಲ. ಪಕ್ಕದವನಲ್ಲಿ ಮೃಗದ ಗುರುತು ಹುಡುಕುತ್ತದೆ.

ಇನ್ನು ಮಂಗಳೂರಿನ ಕವಲು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನಿಗೆ ಆಳು, ಹಣ, ಪ್ರಾರ್ಥನೆ ಬಹುಪಾಲು ಬಂದದ್ದು ಈ ವುರ್ಟೆಂಬರ್ಗಿನಿಂದ. ರಾಜ್ಯದ ಸುವಾರ್ತೆ ಎಲ್ಲ ಜನಾಂಗಗಳಿಗೂ ತಲುಪಿದ ಮೇಲೆ ಅಂತ್ಯ ಬರುತ್ತದೆ ಎಂಬ ಮಾತು ಅದೇ ಮತ್ತಾಯನ 24ನೆಯ ಅಧ್ಯಾಯದಲ್ಲಿದೆ. ಕಾಯುವುದೂ ಹೊರಡುವುದೂ ಅವರಿಗೆ ಒಂದೇ ಆದದ್ದು ಹೀಗೆ. ಆ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಟ್ಯೂಬಿಂಗೆನ್‌ನಲ್ಲಿ ಓದಿದ ಹರ್ಮನ್ ಮೊಗ್ಲಿಂಗ್ ಬಂದದ್ದು 1836ರಲ್ಲಿ. ಬೆಂಗೆಲ್ ಅವರ ಲೆಕ್ಕದಂತೆ ಹೊಸ ಯುಗ ಆರಂಭವಾಗಬೇಕಿದ್ದ ವರ್ಷ ಆ ಸೀಮೆಯ ಯುವಕನೊಬ್ಬ ಕನ್ನಡ ಕಲಿಯಲು ಹಡಗು ಹತ್ತಿದ್ದ. 1843ರಲ್ಲಿ ಅವರು ಮಂಗಳೂರ ಸಮಾಚಾರ ಪತ್ರಿಕೆ ಹೊರತಂದಾಗ ಬಾಸೆಲ್‌ನಲ್ಲಿ ಮಿಶನ್ನಿನ ಮುಖ್ಯಸ್ಥರಾಗಿದ್ದವರು ವಿಲ್ಹೆಲ್ಮ್ ಹಾಫ್‌ಮನ್, ಕೊರ್ನ್‌ತಾಲ್ ಕಟ್ಟಿದ ಹಾಫ್‌ಮನ್ನರ ಮಗ. ಅವರ ತಮ್ಮ ಕ್ರಿಸ್ಟೋಫ್ ಬೇರೆ ದಾರಿ ಹಿಡಿದರು. ದೇವಜನ ಯೆರೂಸಲೇಮಿನ ನಾಡಿನಲ್ಲಿ ಒಟ್ಟುಗೂಡಬೇಕು ಎಂದು ಪಂಗಡವೊಂದನ್ನು ಕಟ್ಟಿಕೊಂಡು 1868ರಲ್ಲಿ ಹೈಫಾದಲ್ಲಿ ಹೋಗಿ ಇಳಿದರು.

ಇಲ್ಲಿ ನಾವು ಎಚ್ಚರದಿಂದಿರಬೇಕು. ಮಿಶನ್ ಮಂಗಳೂರಿನಲ್ಲಿ ನಡೆಸಿದ ಮಗ್ಗಗಳನ್ನೂ 1865ರ ಹಂಚಿನ ಕಾರ್ಖಾನೆಯನ್ನೂ ಕಿಟೆಲ್ ಅವರ 1894ರ ಕನ್ನಡ ನಿಘಂಟನ್ನೂ ಪ್ರಕಟನೆಯ ಪುಸ್ತಕಕ್ಕೆ ನೇರವಾಗಿ ಕಟ್ಟಿಹಾಕಿದರೆ ಅದೂ ಬೆಂಗೆಲ್ ಅವರ ಲೆಕ್ಕದಂಥದೇ ಆದೀತು. ಕಾರ್ಖಾನೆ ಹುಟ್ಟಿದ್ದು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡವರಿಗೆ ಕೂಲಿ ಬೇಕಾಗಿದ್ದರಿಂದ. ಕಿಟೆಲ್ ವುರ್ಟೆಂಬರ್ಗಿನವರೂ ಅಲ್ಲ. ಅಂತ್ಯ ಹತ್ತಿರವಿದೆ ಎಂಬ ಅವಸರಕ್ಕೆ ಕೆಟ್ಟ ಮುಖವೂ ಇತ್ತು. ಜಾತ್ರೆಯ ಬೀದಿಯಲ್ಲಿ ನಿಂತು ಊರಿನವರ ದೇವರನ್ನು ಹಳಿದ ಹೆಬಿಕ್ಕರ ಬೋಧನೆಯಲ್ಲಿ ಆ ಅವಸರ ಕಾಣುತ್ತದೆ. ನಾನು ಹೇಳುತ್ತಿರುವುದು ಇಷ್ಟೇ: ಕರ್ತನ ಬರೋಣವನ್ನು ದಿನವೂ ಬಾಯಿತುಂಬ ಹೇಳುತ್ತಿದ್ದ ಮನೆಗಳಿಂದ ಬಂದವರು ನಾಲ್ಕೈದು ದಶಕ ಹಿಡಿಯುವ ಕೆಲಸಗಳಿಗೆ ಕೈಹಾಕಲು ಹಿಂಜರಿಯಲಿಲ್ಲ. ಕಡೆಗೆ ಆ ಕೆಲಸ ನಿಂತದ್ದು ಕರ್ತನು ಬಂದದ್ದರಿಂದಲ್ಲ, 1914ರ ಯುದ್ಧದಿಂದ. ಜರ್ಮನರನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಗಳಿಗೆ ಒಯ್ದಿತು.

ಮತ್ತೆ ಮೂಲ ಪಾಠಕ್ಕೆ ಮರಳೋಣ. ಮತ್ತಾಯನ 25ನೆಯ ಅಧ್ಯಾಯ ಕುರಿ, ಆಡುಗಳನ್ನು ಬೇರ್ಪಡಿಸುವ ನ್ಯಾಯತೀರ್ಪಿನಲ್ಲಿ ಮುಗಿಯುತ್ತದೆ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರು: ಅರಸನು ವಿಚಾರಿಸುವುದು ಇವರ ವಿಷಯ. ಲೆಕ್ಕ, ಗುರುತು, ದರ್ಶನಗಳ ಮಾತೇ ಇಲ್ಲ. ಬಲಗಡೆಯವರೂ ಎಡಗಡೆಯವರೂ ಒಂದೇ ಪ್ರಶ್ನೆ ಕೇಳುತ್ತಾರೆ, ನಿನ್ನನ್ನು ನಾವು ಕಂಡದ್ದು ಯಾವಾಗ ಎಂದು. ನೀತಿವಂತರಿಗೆ ತಾವು ಸಿದ್ಧರಾಗಿದ್ದೆವು ಎಂಬುದೇ ಗೊತ್ತಿಲ್ಲ.

ಕೊರ್ನ್‌ತಾಲಿನ ಮಕ್ಕಳ ಮನೆಯ ಮುಂದಿನ ಕಥೆಯನ್ನು ಈ ಅಧ್ಯಾಯದ ಎದುರಿಗಿಟ್ಟೇ ಹೇಳಬೇಕು. 1823ರಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ತೆರೆದ ಆ ಪರಂಪರೆಯ ಮನೆಗಳಲ್ಲಿ 20ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಮಕ್ಕಳನ್ನು ಹೊಡೆದು ಬಡಿದದ್ದು, ಲೈಂಗಿಕವಾಗಿ ಹಿಂಸಿಸಿದ್ದು 2018ರಲ್ಲಿ ಪ್ರಕಟವಾದ ತನಿಖಾ ವರದಿಯಿಂದ ಹೊರಬಿತ್ತು. ಆಗ ಮಕ್ಕಳಾಗಿದ್ದವರು ಮುದುಕರಾಗುತ್ತಿದ್ದಾಗ ಬಾಯಿಬಿಟ್ಟು ಹೇಳಿದ್ದರಿಂದ ವಿಷಯ ಬೆಳಕಿಗೆ ಬಂತು. ಇದನ್ನು ಬಿಟ್ಟು ಕೊರ್ನ್‌ತಾಲನ್ನು ಹೊಗಳಿ ಮಾತು ಮುಗಿಸಿದರೆ ನಾನು ಚರಿತ್ರೆ ಹೇಳಿದಂತಾಗುವುದಿಲ್ಲ. 1836 ಕಳೆದಾಗ ಒಡೆಯದೆ ನಿಂತ ಸಭೆ ಅದೇ. ಭಾನುವಾರ ತಪ್ಪದೆ ಹಾಡಿ ಪ್ರಾರ್ಥಿಸಿದ ಸಭೆಯೂ ಅದೇ. ಯಜಮಾನ ತಡಮಾಡಿದಾಗ ಸೇವಕನು ಮಾಡಿದ ಮೊದಲ ಕೆಲಸವೆಂದು ಯೇಸು ಹೇಳಿದ್ದು ಜೊತೆಯವರನ್ನು ಹೊಡೆದದ್ದನ್ನೇ, ಕುಡಿತ ಅದರ ನಂತರ ಬರುತ್ತದೆ. ಆ ಸಾಮ್ಯವನ್ನು ನಮ್ಮ ಸಭೆಗಳಲ್ಲಿ ಹೊರಗಿನವರ ಬಗ್ಗೆ ಹೇಳಿದ್ದು ಎಂಬಂತೆ ಓದುತ್ತೇವೆ. ಆದರೆ ಆ ಸೇವಕ ಮನೆಯೊಳಗಿನವನು, ಅನ್ನ ಬಡಿಸಲು ಯಜಮಾನನೇ ನೇಮಿಸಿದವನು.